ಕೊನೆಯ ಅಂಕಿ

ಕಡೂರಿನ ಗೇವರ್‌ಚಂದನ ಅಂಗಡಿಯಲ್ಲಿ
ಕರಗಲು ಕಾದಿದ್ದ ಕಾಲ್ಗಡಗ, ಉಡಿದಾರಗಳ ನಡುವೆ
ಇದೊಂದು ಬಿದ್ದಿತ್ತು.
ನಾಯಿಬಿಲ್ಲೆ, ಅಂದ ಶೇಟು, ತೂಕಕ್ಕೆ ತಗೊಳ್ಳಿ ಮೇಷ್ಟ್ರೇ.
ನಾನು ಮೇಷ್ಟ್ರಲ್ಲ. ಜೂನಿಯರ್ ಕಾಲೇಜಿನ ಲ್ಯಾಬಿನಲ್ಲಿ
ಮೂವತ್ತೊಂದು ವರ್ಷ ಬ್ಯುರೆಟ್ ತೊಳೆದವನು.
ಅದು ನಾಯಿಯೂ ಅಲ್ಲ, ಸಿಂಹ.
ಎರಡನ್ನೂ ಹೇಳಲಿಲ್ಲ. ಹೇಳಿದ್ದರೆ ಬೆಲೆ ಏರುತ್ತಿತ್ತು.

ಡಚ್ಚರ ಬೆಳ್ಳಿ. ಮೆಣಸಿಗೋ ಅಕ್ಕಿಗೋ
ಕರಾವಳಿಯಲ್ಲಿ ಎಣಿಸಿಕೊಟ್ಟದ್ದಿರಬೇಕು.
ಹಿಂಗಾಲ ಮೇಲೆ ನಿಂತ ಸಿಂಹದ ಸುತ್ತ ಲ್ಯಾಟಿನ್ನಿನಲ್ಲಿ:
ದೇವರ ನಂಬಿದವನು ಕದಲುವುದಿಲ್ಲ.
ಕದಲಿದೆ.
ಹಡಗು ಇಳಿದು, ಹೇರೆತ್ತಿನ ಬೆನ್ನೇರಿ,
ಉಪ್ಪಿನ ಚೀಲಗಳ ಜತೆ ಘಟ್ಟ ಹತ್ತಿ ತಾಂಡಾಕ್ಕೆ ಬಂದು,
ನೆತ್ತಿಗೊಂದು ಕೊಂಡಿ ಬೆಸೆಸಿಕೊಂಡು
ಅತ್ತೆಯ ಕೊರಳಿಂದ ಸೊಸೆಯ ಕೊರಳಿಗೆ.

ಒಂದು, ಆರು, ನಾಲ್ಕು.
ಕೊನೆಯ ಅಂಕಿ ಬೆಸುಗೆಯಡಿ.
ಎಂಟಾದರೆ ಬೇಕಾದಷ್ಟಿವೆ, ಅಂದರು ಮುಂಬಯಿಯ ದೊರಾಬ್‌ಜಿ ಫೋನಿನಲ್ಲಿ,
ಮೂರಾದರೆ
(ಅಲ್ಲಿ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು)
ಮೂರಾದರೆ ನಾನೇ ಬರ್ತೀನಿ, ರೈಲು ಹತ್ತಿ.

ಆ ರಾತ್ರಿ ಅರ ಹಿಡಿದೆ.
ಕೊಂಡಿ ಹೋಯಿತು. ಬೆಸುಗೆ ಹೋಯಿತು.
ಇನ್ನೊಂದೆರಡು ಉಜ್ಜು,
ಅಂಕಿಯೂ ಹೋಯಿತು.
ಅಕ್ಕಿಕಾಳಿನಷ್ಟು ಜಾಗದಲ್ಲಿ
ಈಗ ತಾನೆ ಕಲಾಯಿ ಮಾಡಿದ ಪಾತ್ರೆಯ ಹೊಳಪು.

ಎಂಟು ದಿನ ಕಳೆದು ಗಮ್ಲೀಬಾಯಿ ಬಂದಳು.
ಶೇಟು ಮನೆ ತೋರಿಸಿದನಂತೆ.
ವಾಪಸು ಕೇಳೋಕಲ್ಲ, ಅಂದಳು,
ಮಗಳ ಹೆರಿಗೆಯಾಯ್ತು, ದುಡ್ಡು ಮುಗೀತು, ಒಂದ್ಸಲ ಹಿಡಕೊಂಡು ಕೊಡ್ತೀನಿ.
ಸಿಂಹದ ಕಡೆ ನೋಡಲೇ ಇಲ್ಲ.
ಕಣ್ಣುಮುಚ್ಚಿ ಹೆಬ್ಬೆರಳಿಂದ ಅಂಚು ಸವರುತ್ತಾ ಬಂದಳು,
ಮೇಲಕ್ಕೆ ಬಂದಾಗ ಬೆರಳು ನಿಂತಿತು.
ಇದು ನಮ್ದಲ್ಲ, ಅಂದಳು.
ಮೇಜಿನ ಮೇಲಿಟ್ಟು, ಚಹಾ ಮುಟ್ಟದೆ ಹೊರಟಳು.
ನಾನು ಬಾಯಿ ತೆರೆಯುವ ಹೊತ್ತಿಗೆ
ಬೀರೂರಿನ ಬಸ್ಸು ತಿರುವು ದಾಟಿತ್ತು.

ಕಾಲೇಜಿನ ಹರಾಜಿನಲ್ಲಿ ಕೊಂಡ ತಕ್ಕಡಿ, ಗಾಜಿನ ಪೆಟ್ಟಿಗೆಯೊಳಗೆ.
ತಟ್ಟೆಯ ಮೇಲೆ ನಾಣ್ಯ, ಪಕ್ಕದಲ್ಲಿ
ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿಟ್ಟ ಅರಪುಡಿ, ಮುರಿದ ಕೊಂಡಿ.
ಟಂಕಸಾಲೆ ಬಿಟ್ಟಾಗ ಇಪ್ಪತ್ತೇಳು ಗ್ರಾಂ ಚಿಲ್ಲರೆ ಇದ್ದದ್ದು
ಈಗ ಎಲ್ಲ ಒಟ್ಟು ಹಾಕಿದರೂ ಇಪ್ಪತ್ತೈದಕ್ಕೆ ಬರುವುದಿಲ್ಲ.
ಮಿಕ್ಕಿದ್ದು ರವಿಕೆಗಳ ಕನ್ನಡಿಗೆ ತಾಗಿ ತಾಗಿ
ಎದೆಯ ಬೆವರಿನಲ್ಲಿ, ಹಾಲು ಕುಡಿವ ಕೂಸುಗಳ ಬಾಯಲ್ಲಿ ಸವೆದದ್ದು.
ಅದಕ್ಕೆ ನನ್ನಲ್ಲಿ ತೂಕದಕಲ್ಲಿಲ್ಲ.

ರಿಜಿಸ್ಟರಿನಲ್ಲಿ ವರ್ಷದ ಮುಂದೆ ೧೬೪ ಬರೆದು
ಪೆನ್ಸಿಲಿನಲ್ಲೊಂದು ಚುಕ್ಕಿ ಇಟ್ಟಿದ್ದೇನೆ.
ಯಾರಿಂದ ಅನ್ನುವ ಕಡೆ ಶೇಟುವಿನ ಹೆಸರು ಹೊಡೆದು
ಅವಳದ್ದು ಬರೆದೆ.
ಊರು ಅನ್ನುವ ಕಡೆ ಖಾಲಿ.
ಯಾವ ತಾಂಡಾ ಅಂತ ನಾನು ಕೇಳಿರಲಿಲ್ಲ.