ವಿಷಯವಿಲ್ಲ

ಮಕ್ಕಳ ದೋಣಿ ಏಳೂಕಾಲಿಗೆ. ಅದಕ್ಕೂ ಮೊದಲು
ಒಲೆಗೆರಡು ಕೊರಡು, ಕೆಟಲಿಗೆ ನೀರು,
ಕಿಟಕಿಯ ಮೊಳೆಗೆ ಫೋನು. ಈ ಮನೆಯಲ್ಲಿ
ಸಿಗ್ನಲ್ಲು ಸಿಗುವುದು ಅದೊಂದು ಗೇಣಿನಲ್ಲಿ.

ಸಾವಿರದ ನೂರಾ ನಲವತ್ತಮೂರು
ಓದದ ಈಮೇಲು.
ಈ ದ್ವೀಪದಲ್ಲಿ, ಕುರಿಗಳನ್ನು ಬಿಟ್ಟರೆ,
ಅಷ್ಟು ಜೀವಗಳೇ ಇಲ್ಲ.

ಮಾರ್ಚಿನಲ್ಲಿ ಕಾಸ್ತ್ರೋ ಪೇಟೆಯಿಂದ ಓಸ್ವಾಲ್ದೋ ಬಂದ,
ಚಿಲೊಯೆಯ ಕೆಸರಿಗೆ ಸಲ್ಲದ ಬಿಳಿ ಬೂಟು,
ಕೊರಳಲ್ಲಿ ತರಬೇತುದಾರನೆಂಬ ಚೀಟಿ.
"ದಿನಕ್ಕೆ ಎರಡೇ ಸಲ ತೆರೆಯಿರಿ, ಪ್ರೊಫೆ,"
ಊಟಕ್ಕೆ ಮುಂಚೆ, ಊಟವಾದ ಮೇಲೆ,
ಮಾತ್ರೆ ಬರೆದುಕೊಟ್ಟ ಹಾಗೆ.
ಇಲಾಖೆಗೆ ಕೆಂಪು, ಪೋಷಕರಿಗೆ ಹಸಿರು,
ಸುತ್ತೋಲೆ, ಸುತ್ತೋಲೆಗೆ ತಿದ್ದುಪಡಿ,
ತಿದ್ದುಪಡಿಯಲ್ಲಿ ನುಸುಳಿದ ತಪ್ಪಿಗೆ ವಿಷಾದ,
ಎಲ್ಲಕ್ಕೂ ಒಂದೊಂದು ಗೂಡು.
ಇಪ್ಪತ್ತೊಂಬತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು,
ಕಾಗದವನ್ನು ನಿಲ್ಲಿಸಲಾರೆನೆ?

ಹಿಗ್ಗಿದೆ, ಸುಳ್ಳು ಯಾಕೆ.
ರಾತ್ರಿ ಬರೆದಿಟ್ಟದ್ದು ಬೆಳಿಗ್ಗೆ ಏಳಕ್ಕೆ ತಾನೇ ಹೊರಡುತ್ತಿತ್ತು,
ನಾನಿನ್ನೂ ಆಲೂಗಡ್ಡೆ ಸುಲಿಯುವಾಗ.
ಹಾಜರಿ ತಾನೇ ಕೂಡಿಕೊಳ್ಳುತ್ತಿತ್ತು.
ಭಿನ್ನರಾಶಿಯ ಲೆಕ್ಕಗಳು ಫೋಟೋವಾಗಿ ಬರುತ್ತಿದ್ದವು,
ಅಂಚಿನಲ್ಲಿ ಒಂದು ಹೆಬ್ಬೆರಳು, ಒಮ್ಮೊಮ್ಮೆ ಬೆಕ್ಕಿನ ಬಾಲ.
ದಿನಕ್ಕೆ ನಲವತ್ತು ನಿಮಿಷ ಉಳಿಯಿತು.
ಒಂದು ಸ್ವೆಟರಿನ ಎಡತೋಳು ಮುಗಿಯಿತು.

ಕೊನೆಯ ನಿಯಮ ಮಾತ್ರ ನನ್ನದೇ ಬುದ್ಧಿ,
ಓಸ್ವಾಲ್ದೋ ಹೇಳಿದ್ದಲ್ಲ:
ವಿಷಯವಿಲ್ಲದೆ ಬಂದದ್ದು ನೇರ ಹಿತ್ತಿಲಿಗೆ.
ತಲೆಬರಹ ಹಾಕಲು ಬಾರದವರು
ಹೇಳುವುದಾದರೂ ಏನು?
ತರಗತಿಯಲ್ಲೂ ನನ್ನ ಮಾತು ಅದೇ:
ಮೊದಲು ವಿಷಯ, ಆಮೇಲೆ ಬಾಯಿ.

ಜೂನ್. ಬಿರುಗಾಳಿಗೆ ಮೂರು ದಿನ ಬಂದರು ಮುಚ್ಚಿತು.
ಮಕ್ಕಳಿಲ್ಲದ ಶಾಲೆಯಲ್ಲಿ, ಕೋಟು ತೊಟ್ಟು ಕೂತು,
ಹಿತ್ತಿಲು ಗುಡಿಸಲು ಹೊರಟೆ.
ಜಾಹೀರಾತು. ಜಾಹೀರಾತು. ನಾನು ಗೆದ್ದ ಕಾರು.
ಇನ್ನೊಮ್ಮೆ ಗೆದ್ದ ಅದೇ ಕಾರು.
ಆ ಹೊಟ್ಟಿನಲ್ಲೊಂದು ಕಾಳು:

ರೊಸಾಲ್ಬ. ಎಲಿಸೆಯೊನ ತಾಯಿ.
ಆಚೆ ದಡದ ಮೀನು ಕಾರ್ಖಾನೆ, ರಾತ್ರಿ ಪಾಳಿ.
ಮೇ ಹದಿನಾಲ್ಕು, ಬೆಳಗಿನ ಜಾವ ಮೂರೂ ನಲವತ್ತು.

"ಪ್ರೊಫೆ ಹುಡುಗನಿಗೆ ಬೋರ್ಡು ಕಾಣ್ತಿಲ್ಲ
ಹೇಳೋಕೆ ನಾಚಿಕೆ ಪಕ್ಕದವಳದು ನೋಡಿ ಬರೀತಾನೆ
ಮುಂದೆ ಕೂರಿಸಿ ನಾನು ಹೇಳಿದ್ದು ಅಂತ ಹೇಳಬೇಡಿ
ಬೆರಳು ಮರಗಟ್ಟಿದೆ ತಪ್ಪಿದ್ರೆ ಮನ್ನಿಸಿ"

ಒಂದು ಚುಕ್ಕಿಯಿಲ್ಲ, ಅಲ್ಪವಿರಾಮವಿಲ್ಲ.
ಎರಡು ಸಲ ಓದಿದೆ. ಮೂರನೆಯ ಸಲ
ತಾರೀಕು ಮಾತ್ರ ಓದಿದೆ.
ಮೇ ಇಪ್ಪತ್ತಕ್ಕೆ ಎಲಿಸೆಯೊನನ್ನು
ನಕಲು ಹೊಡೆದನೆಂದು ಹಿಂದಿನ ಬೆಂಚಿಗೆ ಕಳಿಸಿದವಳು ನಾನು.
ಷರಾ ಬರೆದೆ: ನೋಡಿ ಬರೆಯುತ್ತಾನೆ.
ಬೆಳಿಗ್ಗೆ ಏಳಕ್ಕೆ ಅದು ತಾನೇ ಹೊರಟು
ಪಾಳಿ ಮುಗಿಸಿ ಬಸ್ಸಿಗೆ ನಿಂತವಳ ಕೈ ಸೇರಿರಬೇಕು.
ನಾನು ಆಲೂಗಡ್ಡೆ ಸುಲಿಯುತ್ತಿದ್ದೆ.

ಉತ್ತರವೆಂದು ಒತ್ತಿದರೆ
ಯಂತ್ರವೇ ಮೂರು ಮಾತು ಮುಂದಿಟ್ಟಿತು:
ಧನ್ಯವಾದಗಳು. ಗಮನಿಸಲಾಗಿದೆ. ಸಂತೋಷದ ಸುದ್ದಿ!
ಮುಚ್ಚಿಬಿಟ್ಟೆ. ಎದ್ದು ಒಲೆ ಕೆದಕಿದೆ.
ಆಮೇಲೆ ಕೂತು, ಒಂದೊಂದೇ ಅಕ್ಷರ ಹುಡುಕಿ, ಬರೆದೆ.
ಏನೆಂದು ಇಲ್ಲಿ ಹೇಳಲಾರೆ.
ತಲೆಬರಹದ ಜಾಗದಲ್ಲಿ ಮಾತ್ರ
ಎಷ್ಟು ಹೊತ್ತಾದರೂ ಏನೂ ಹೊಳೆಯಲಿಲ್ಲ.
ಹಾಗೇ ಕಳಿಸಿದೆ.

ಗಾಳಿ ನಿಂತು ದೋಣಿ ಬಂದ ದಿನ
ಹಿಂದಿನ ಸೂರು ಸೋರುತ್ತಿದೆ ಎಂದೆ ಮಕ್ಕಳಿಗೆ.
ಸೋರುತ್ತಿರಲಿಲ್ಲ.
ಎಲ್ಲ ಬೆಂಚೂ ಎಳೆದಾಡಿ, ಗದ್ದಲವೆಬ್ಬಿಸಿ,
ಅಂತೂ ಎಲಿಸೆಯೊ ಬೋರ್ಡಿನ ಮೂಗಿನಡಿ ಬಂದ.
ಚಾವಣಿ ನೋಡಿದ, ನನ್ನನ್ನು ನೋಡಿದ,
ಮಾತಾಡಲಿಲ್ಲ.

ನಿಯಮ ಅಳಿಸಿಲ್ಲ. ತಿರುಗಿಸಿದ್ದೇನೆ ಅಷ್ಟೆ:
ವಿಷಯವಿಲ್ಲದ್ದು ಎಲ್ಲಕ್ಕಿಂತ ಮೇಲೆ,
ಇಲಾಖೆಗಿಂತಲೂ ಮೇಲೆ,
ಗೆದ್ದ ಕಾರುಗಳ ಸಮೇತ.
ರೊಸಾಲ್ಬಳಿಂದ ಮರುಮಾತಿಲ್ಲ ಇನ್ನೂ.

ಉಳಿದದ್ದೆಲ್ಲ ಗೂಡು ಸೇರಿತು.
ಫೋನು ಈಗ ತೋರಿಸುವುದು, ಓದದ್ದು: ಒಂದು.
ಮೇ ಹದಿನಾಲ್ಕರದು.
ಓದಿದ್ದೇನೆ. ಬಾಯಿಗೆ ಬರುತ್ತದೆ.
ಓದಿಲ್ಲ ಎಂದು ಗುರುತು ಹಾಕಿಟ್ಟಿದ್ದೇನೆ.