ಟನ್ನಿಗೆ ಮೂರು ಗ್ರಾಂ

ಶಕ್ತಿನಗರದ ಚಿಮಣಿ ಊರೂರಿಗೆ ಬೆಳಕು ಕಳಿಸುತ್ತದೆ;
ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಕರೆಂಟಿಲ್ಲ.
ಗೋಡೆಯ ಮೇಲೆ ಆಂಡ್ರೊಮಿಡಾ ಅರ್ಧ ಅರಳಿ ಆರಿತು.
ಹದಿನಾಲ್ಕು ಮಂದಿ, ತುಂಡು ಸೀಮೆಸುಣ್ಣ,
ಮಾರ್ಚಿಗೇ ಕಾವಲಿಯಾದ ರಾಯಚೂರು.
ಇರಲಿ, ಶುರು ಮಾಡೋಣ.

ಕೇಳಿ, ಅದೋ ಗುಂತಕಲ್ಲಿನ ಕಡೆಗೆ ಗಾಡಿ.
ಬರುವಾಗ ಕೂಗು ಚೂಪು, ದಾಟಿದ ಮೇಲೆ ದಪ್ಪ.
ಎಂಜಿನ್ನು ದನಿ ಬದಲಿಸಿಲ್ಲ, ದೂರ ಸರಿಯಿತು ಅಷ್ಟೇ.
ಬೆಳಕಿಗೂ ಹೀಗೊಂದು ಇಳಿದ ದನಿಯುಂಟು: ಕೆಂಪು.
ಗೆಲಾಕ್ಸಿಗಳು, ಬಹುಪಾಲು, ಕೆಂಪಗೆ ಕೂಗುತ್ತಿವೆ.
ಇಷ್ಟರಲ್ಲೇ ನಿಮಗೊಂದು ಸುಳ್ಳು ಹೇಳಿಯಾಯಿತು:
ಅವು ಓಡುತ್ತಿಲ್ಲ, ನಡುವಿನ ಹಾದಿಯೇ ಬೆಳೆಯುತ್ತಿದೆ.
ಮುಂದಿನ ಸೆಮಿಸ್ಟರಿನಲ್ಲಿ ತಿದ್ದುತ್ತೇನೆ.

ಸೂರ್ಯನ ಹತ್ತು ಪಟ್ಟು ತೂಕದ್ದೊಂದು ಸಿಡಿದು ಸತ್ತರೆ
ಉಳಿದ ತಿರುಳು ಕುಗ್ಗಿ ಕುಗ್ಗಿ ಎಷ್ಟಾಗುತ್ತದೆ ಗೊತ್ತೇ?
ಇಲ್ಲಿಂದ ಶಕ್ತಿನಗರದಷ್ಟು.
ಬಸ್ಸು ಕೆಡದಿದ್ದರೆ ಮುಕ್ಕಾಲು ಗಂಟೆಯ ಅಗಲ.
ಅದರ ಒಂದು ಚಮಚೆಗೆ ನಮ್ಮ ಕೋಟೆಗುಡ್ಡವೂ ಸೋಲುವ ಭಾರ.
ಅಂಥವೆರಡು ಒಂದನ್ನೊಂದು ಸುತ್ತಿ ಸುತ್ತಿ
ಕೊನೆಗೆ ಢಿಕ್ಕಿ ಹೊಡೆದಾಗ ಸಿಡಿದ ಚೂರಿನಲ್ಲಿ ಬಂಗಾರ.
ಹೌದು, ಹಟ್ಟಿಯದ್ದೂ. ಬಹುಶಃ.
ಭೂಮಿ ಇನ್ನೂ ಧೂಳಾಗಿದ್ದಾಗಲೇ ಆ ಧೂಳಿಗೆ ಬಂದು ಸೇರಿದ್ದು.

ಹಿಂದಿನ ಬೆಂಚಿನಿಂದ ದುರುಗಮ್ಮ ಎದ್ದಳು.
ಮೇಡಂ, ನಮ್ಮಪ್ಪ ಹಟ್ಟಿ ಶಾಫ್ಟಿನಾಗ
ಇಪ್ಪತ್ತಾರು ವರ್ಷ ಇಳದಾನ್ರಿ.
ಕಲ್ಲಾಗ ಬಂಗಾರ ಒಂದ್ ಸಲಾನೂ ಕಂಡಿಲ್ಲಂತ.
ಬೂದಿ ಬಣ್ಣದ ಕಲ್ಲು, ನಡುವ ಬಿಳಿ ಗೆರಿ, ಅಷ್ಟ.
ಟನ್ನಿಗೆ ಮೂರು ಗ್ರಾಂ ಅಂತ ಲ್ಯಾಬಿನವರು ಬರೀತಾರ,
ಆ ಚೀಟಿ ನಂಬಿ ಮರುದಿನ ಮತ್ತ ಇಳೀತಾನ್ರಿ.

ಬೋರ್ಡಿನ ಕಡೆ ತಿರುಗಿದವಳು ಹಾಗೇ ನಿಂತೆ.
ಮೂರನೇ ಘಟಕಕ್ಕೆಂದು ಕಟ್ಟಿಟ್ಟ ಮಾತು
ಮೊದಲ ದಿನವೇ ಕೈ ಜಾರಿತು:
ವಿಶ್ವದ ನೂರು ಪಾಲಿನಲ್ಲಿ ನಮಗೆ ಪರಿಚಯ ಐದರದ್ದು.
ಉಳಿದದ್ದು ಕಾಣದು. ಎಳೆಯುತ್ತದೆ, ತಳ್ಳುತ್ತದೆ,
ಯಾವ ದೀಪಕ್ಕೂ ಮುಖ ಕೊಡದು.
ನಾವೂ ಯಾರೋ ಬರೆದ ಚೀಟಿ ನಂಬಿ
ರಾತ್ರಿಪಾಳಿಗೆ ಹತ್ತುವವರೇ ದುರುಗಮ್ಮ;
ನಿಮ್ಮಪ್ಪನ ಹಣೆಯ ಮೇಲಾದರೂ ಒಂದು ದೀಪವಿದೆ.

ಅವಳು ನಗಲಿಲ್ಲ. ನೋಟ್ಸಿನಲ್ಲಿ ಐದು ಎಂದು ಬರೆದು
ಅಡಿಗೆರೆ ಎಳೆದಳು.

ಕರೆಂಟು ಬಂತು. ಫ್ಯಾನು ಗೊಣಗಿತು.
ಮತ್ತೆ ಆಂಡ್ರೊಮಿಡಾ, ಗೋಡೆಯ ಬಿರುಕಿನ ಮೇಲೇ.
ಎಲ್ಲ ದೂರ ಸರಿಯುತ್ತಿವೆ ಎಂದೆನಲ್ಲ,
ಇದೊಂದು ನಮ್ಮ ಕಡೆಗೇ ಬರುತ್ತಿದೆ, ನೀಲಿಗೆ ಜಾರುತ್ತ,
ಇನ್ನೂ ನಾನೂರು ಕೋಟಿ ವರ್ಷ ಬೇಕಾದೀತು
ಎನ್ನುವಷ್ಟರಲ್ಲಿ ಯಾರೋ,
ಮೇಡಂ, ಹಾಜರಿ ತಗೊಂಡಿಲ್ಲ.