೮೪೧೯

ಬಾಗಿಲು ತೆರೆದ ಮೊದಲ ರಾತ್ರಿಯೇ ಹೋದೆ.
ಬಾಗಿಲಿರಲಿಲ್ಲ, ಸಾಲಿತ್ತು.
ಪರದೆಯ ನಡುವೆ ಒಂದು ಸಂಖ್ಯೆ: ೮೪೧೯.
ಕೆಳಗೆ ಸಣ್ಣಕ್ಷರದಲ್ಲಿ: ದಯವಿಟ್ಟು ಕಾಯಿರಿ, ವೀರರೇ.

ಬೆನ್ನ ಹಿಂದೆ ಆಕ್ರೋಟು ಒಡೆಯುತ್ತ ಕೂತಿದ್ದ
ಅಜ್ಜಿ ಝುಝುನಾ ಕೇಳಿದಳು:
"ಅಲ್ಲೇನು ಕೊಡುತ್ತಾರೆ?"
ಇನ್ನೂ ಗೊತ್ತಿಲ್ಲ ಅಂದೆ.
"ತೊಂಬತ್ಮೂರರಲ್ಲಿ ನಮಗೆ ಗೊತ್ತಿತ್ತು. ರೊಟ್ಟಿ.
ಅಂಗೈ ಮೇಲೆ ನೇರಳೆ ಪೆನ್ಸಿಲ್ಲಿನಲ್ಲಿ ನಂಬರು ಬರೆಯುತ್ತಿದ್ದರು.
ಕೈ ಬೆವರಬಾರದು, ಅಷ್ಟೆ.
ಬೆವರಿತೋ, ನೀನು ಯಾರೂ ಅಲ್ಲ."

ಕಿಟಕಿಯಲ್ಲಿ ರಿಯೋನಿ ಹೊಳೆಯ ಸದ್ದು.
ಸಂಖ್ಯೆ ಇಳಿಯಿತು, ಒಮ್ಮೆ ಸುಮ್ಮಸುಮ್ಮನೆ ಏರಿತು.
ಒಂದೂಕಾಲು ಗಂಟೆ.

ಆಮೇಲೆ, ಏನು ಹೇಳಲಿ,
ಬೆಳಕು.
ಬಾರ್ಲಿ ಹೊಲದ ಮೇಲೆ ಗಾಳಿ ಹಾಯುವುದನ್ನು
ಯಾರೋ ದಿನಗಟ್ಟಲೆ ಕೂತು ನೋಡಿದ್ದಾರೆ.
ತೆನೆ ನನ್ನ ಮೊಣಕಾಲಿಗೆ ತಾಗಿ ಬಾಗುತ್ತದೆ,
ನಾನು ದಾಟಿದ ಮೇಲೆ
ತುಸು ತಡೆದು ನೆಟ್ಟಗಾಗುತ್ತದೆ.
ಹತ್ತು ನಿಮಿಷ ಬರೀ ನಡೆದೆ, ಆ ಬದುವಿನಿಂದ ಈ ಬದುವಿಗೆ.
ನನ್ನಂತೆಯೇ ಇನ್ನೂ ನಲವತ್ತು ಜನ,
ಎಲ್ಲರ ಮೈಮೇಲೂ ಅದೇ ಕಂದು ಅಂಗಿ,
ಕೈಯಲ್ಲಿ ಅದೇ ಮರದ ಕತ್ತಿ,
ತೆನೆ ಮುಟ್ಟಿ ನೋಡುತ್ತ.

ದೂರಿಲ್ಲವೆಂದಲ್ಲ.
ಬಾವಿಕಟ್ಟೆಯ ಮುದುಕ
"ನೀನೊಬ್ಬನೇ ನಮಗೆ ದಿಕ್ಕು" ಅನ್ನುತ್ತಾನೆ
ಸುತ್ತ ನಿಂತ ಮುನ್ನೂರು ಮಂದಿ 'ಒಬ್ಬನೇ'ಗಳಿಗೆ.
ಹತ್ತು ಹೆಗ್ಗಣ ಕೊಂದು ಬಾ ಎಂದ.
ಹೆಗ್ಗಣಕ್ಕಿಂತ ಕೊಲ್ಲುವವರೇ ಹೆಚ್ಚು;
ಒಂದು ಬಾಲಕ್ಕೆ ಹದಿನೇಳು ಕತ್ತಿ.
ಸೇತುವೆ ಪೂರ್ತಿಯಾಗಿಲ್ಲ, ನಡುವೆ ಬರೀ ಬೂದುಬಣ್ಣ,
ಅದರಲ್ಲೊಂದು ಕುದುರೆ ಸೊಂಟದವರೆಗೆ ಹೂತು
ಮೇಯುತ್ತಲೇ ಇದೆ.
ಜಾರ್ಜಿಯನ್ ಲಿಪಿಯಲ್ಲಿ ಹೆಸರು ಬರೆದರೆ
ನಮ್ಮ ಒಂದೊಂದು ಅಕ್ಷರವೂ ಖಾಲಿ ಚೌಕ.
ಹಾಗಾಗಿ ಅಲ್ಲಿ ನಾನು ಬಾಚನಾ ಅಲ್ಲ,
ಆರು ಚೌಕಗಳ ವೀರ.

ಇದೆಲ್ಲ ಇರಲಿ. ಆ ರೊಟ್ಟಿಯವನನ್ನು ಮಾತ್ರ ಕ್ಷಮಿಸಲಾರೆ.
ಊರ ಮೂಲೆಯಲ್ಲಿ ಅವನ ಅಂಗಡಿ. ಹೊಗೆ ಚೆನ್ನಾಗಿದೆ.
ಹನ್ನೊಂದು ವರ್ಷದಿಂದ ನನಗೂ ಅದೇ ಕಸುಬು.
ನಸುಕಿನ ನಾಲ್ಕಕ್ಕೆ
ತೋನೆಯ ಬಾಯೊಳಕ್ಕೆ ತಲೆಕೆಳಗಾಗಿ ಬಾಗಿ
ಕಾದ ಮಣ್ಣಿನ ಗೋಡೆಗೆ ಹಿಟ್ಟು ಬಡಿಯುತ್ತೇನೆ.
ನನ್ನ ಬಲಗೈಯಲ್ಲಿ ಒಂದು ಕೂದಲಿಲ್ಲ.
ಇವನ ತೋಳು ನೋಡಿ, ಕೂಸಿನ ತೋಳು,
ಒಂದು ಬೊಬ್ಬೆಯ ಕಲೆ ಇಲ್ಲ.
ಒಲೆಗೆ ಬೆನ್ನು ಹಾಕಿ
ನಾದುತ್ತಾನೆ, ನಾದುತ್ತಾನೆ, ಹಿಟ್ಟು ಉಬ್ಬುವುದೇ ಇಲ್ಲ.
ಶಿರಸ್ತ್ರಾಣದ ಗರಿಯ ಎಳೆ ಎಳೆಗೂ ಗಾಳಿ ಕೊಟ್ಟವರು
ಹಿಟ್ಟಿಗೊಂದು ಉಸಿರು ಕೊಡಲಿಲ್ಲ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಕಾಡಂಚಿನಲ್ಲಿ ತೋಳ ನನ್ನನ್ನು ಕೆಡವಿತು.
ಎದ್ದಾಗ ಅರ್ಧ ಜೀವ, ಖಾಲಿ ಜೋಳಿಗೆ.
ಯಾರೋ ಬಂದು ಪಕ್ಕದಲ್ಲಿ ಕೂತರು.
ಹೆಸರಿನ ಜಾಗದಲ್ಲಿ ನಾಲ್ಕು ಚೌಕ,
ಯಾವ ಸೀಮೆಯ ನಾಲ್ಕಕ್ಷರವೋ.
ನೆಲದ ಮೇಲೊಂದು ರೊಟ್ಟಿ ಇಟ್ಟು
ಎರಡು ಹೆಜ್ಜೆ ಹಿಂದೆ ಸರಿದರು,
ಬೆದರಿದ ನಾಯಿಗೆ ಇಡುವ ಹಾಗೆ.
ಅದೇ ರೊಟ್ಟಿ. ಅವನದೇ.
ತಿಂದೆ.
ಹಸಿರು ಗೆರೆ ನಿಧಾನಕ್ಕೆ ಏರಿತು.

"ಕೊಟ್ಟರಾ ಕೊನೆಗೂ?" ಅಂದಳು ಅಜ್ಜಿ
ಅರೆನಿದ್ದೆಯಲ್ಲಿ, ಮಡಿಲ ತುಂಬ ಸಿಪ್ಪೆ.

ಮೂರು ನಲವತ್ತು. ಕೆಲಸಕ್ಕೆ ಹೊರಡಬೇಕು.
ಆ ನಾಲ್ಕು ಚೌಕಗಳಿಗೆ ಕೈ ಬೀಸಹೋಗಿ
ತಪ್ಪು ಗುಂಡಿ ಒತ್ತಿದೆ,
ನನ್ನ ವೀರ ಸರ್ರನೆ ಕತ್ತಿ ಹಿರಿದ.
ಗಾಬರಿಯಲ್ಲಿ ಮತ್ತೆ ಒತ್ತಿ, ಮತ್ತೆ ಒತ್ತಿ, ಒರೆಗೆ ಸೇರಿಸಿದೆ.
ಅವರು ನಕ್ಕರೋ ಏನೋ. ತಿಳಿಯುವ ಹಾಗಿಲ್ಲ.
ಎದ್ದು ಒಂದು ಸುತ್ತು ಕುಣಿದು ತೋರಿಸಿದರು.

ಅಂಗಿ ತೊಟ್ಟೆ. ಪರದೆ ಆರಿಸಲಿಲ್ಲ.
ಸಾಲು ತಪ್ಪೀತೆಂಬ ಆಸೆಬುರುಕತನವೂ ಹೌದು;
ಕರೆಂಟಿಲ್ಲದ ಚಳಿಗಾಲಗಳ ನಂತರ
ಅಜ್ಜಿಗೆ ಕತ್ತಲಲ್ಲಿ ಎಚ್ಚರಾಗುವುದು ಆಗದು.
ಬಾರ್ಲಿ ಹೊಲದ ಹೊಂಬೆಳಕು
ಆಕ್ರೋಟಿನ ಕಪ್ಪು ಹತ್ತಿದ ಅವಳ ಅಂಗೈ ಮೇಲೆ
ಅಲುಗುತ್ತಿತ್ತು.